ಕಾಂಪೌಂಡ್ ಎಕ್ಸ್‌ಪ್ರೆಸ್ ಉಗಿ ಇಂಜಿನ್: ಫ್ರಾನ್ಸಿನಲ್ಲಿ ಗೆದ್ದದ್ದು ಬೇರೆ ಕಡೆ ಯಾಕೆ ನಿಲ್ಲಲಿಲ್ಲ?

ಹಬೆಗಾಡಿ:
ಉಗಿ ಇಂಜಿನ್ ಅಂದರೆ ನಮ್ಮ ಮಾತು ಭಾರತದ ಡಬ್ಲ್ಯುಪಿ, ವೈಪಿ ವರ್ಗದ ಇಂಜಿನ್‌ಗಳಿಂದ ಶುರುವಾಗಿ ಇಂಗ್ಲೆಂಡಿನ ವೇಗದ ಇಂಜಿನ್ ಮಲ್ಲಾರ್ಡ್‌ಗೆ ಬಂದು ನಿಲ್ಲುತ್ತದೆ. ಅದರ ಪಕ್ಕದಲ್ಲೇ ಇರುವ ಇನ್ನೊಂದು ದೊಡ್ಡ ಕಥೆ ಕನ್ನಡದಲ್ಲಿ ಚರ್ಚೆಗೇ ಬರುವುದಿಲ್ಲ. ಫ್ರಾನ್ಸಿನವರು 1880ರ ದಶಕದಿಂದ ಹಿಡಿದು ಉಗಿಯ ಕಾಲ ಮುಗಿಯುವ ತನಕ ತಮ್ಮ ವೇಗದ ಗಾಡಿಗಳಿಗೆ ಕಾಂಪೌಂಡ್ ಇಂಜಿನ್‌ಗಳನ್ನೇ ನೆಚ್ಚಿಕೊಂಡರು. ಇಂಗ್ಲೆಂಡ್, ಜರ್ಮನಿ, ಅಮೆರಿಕ ಮೂರೂ ಕಡೆ ಇದನ್ನು ಮಾಡಿ ನೋಡಿದರು, ಕಡೆಗೆ ಎಕ್ಸ್‌ಪ್ರೆಸ್ ಕೆಲಸಕ್ಕೆ ಸಾದಾ ಇಂಜಿನ್ನೇ ಸಾಕು ಅಂದರು. ಉಗಿ ಎಲ್ಲ ಕಡೆ ಒಂದೇ. ಹಾಗಿದ್ದ ಮೇಲೆ ಫಲ ಬೇರೆ ಬೇರೆ ಆದದ್ದು ಹೇಗೆ?

ಹೊಸಬರಿಗಾಗಿ ಎರಡು ಮಾತು. ಸಾದಾ ಇಂಜಿನ್‌ನಲ್ಲಿ ಬಾಯ್ಲರಿನ ಉಗಿ ಒಂದು ಸಿಲಿಂಡರಿಗೆ ಹೋಗಿ, ಪಿಸ್ಟನ್ ತಳ್ಳಿ, ನೇರ ಚಿಮಣಿಗೆ ಹೋಗುತ್ತದೆ. ಕಾಂಪೌಂಡ್‌ನಲ್ಲಿ ಅದೇ ಉಗಿ ಮೊದಲು ಸಣ್ಣ ಹೈ ಪ್ರೆಶರ್ ಸಿಲಿಂಡರಿನಲ್ಲಿ ಒಂದು ಪಾಲು ಕೆಲಸ ಮಾಡುತ್ತದೆ. ಆಮೇಲೆ ದೊಡ್ಡ ಲೋ ಪ್ರೆಶರ್ ಸಿಲಿಂಡರಿಗೆ ಬಂದು ಉಳಿದ ಕೆಲಸ ಮಾಡಿ ಹೊರಗೆ ಹೋಗುತ್ತದೆ. ರೈಲಿನಲ್ಲಿ ಇದನ್ನು ಬಳಕೆಗೆ ಬರುವಂತೆ ಮಾಡಿ ತೋರಿಸಿದವನು ಅನಾತೋಲ್ ಮಾಲೆ, 1876ರಲ್ಲಿ, ಬಯೋನ್–ಬಿಯಾರಿಟ್ಸ್ ನಡುವಿನ ಚಿಕ್ಕ ಮಾರ್ಗದಲ್ಲಿ.

ನನ್ನ ವಾದ ಇಷ್ಟೇ: ಕಾಂಪೌಂಡ್ ಅನ್ನುವ ವಿಚಾರ ಸೋಲಲಿಲ್ಲ. ಬಹಳ ಇಂಜಿನ್‌ಗಳಲ್ಲಿ ಉಗಿ ಓಡಾಡುವ ದಾರಿಯೇ ಇಕ್ಕಟ್ಟಾಗಿತ್ತು, ಉಳಿಸಿದ್ದನ್ನೆಲ್ಲ ಆ ಇಕ್ಕಟ್ಟು ತಿಂದುಹಾಕಿತು. ಆ ದಾರಿಯನ್ನು ಅಗಲ ಮಾಡಿದಾಗ ಏನಾಗುತ್ತದೆ ಅಂತ ಫ್ರಾನ್ಸಿನ ಇಂಜಿನಿಯರ್ ಆಂದ್ರೆ ಶಾಪ್ಲೋಂ 1929ರಲ್ಲಿ ತೋರಿಸಿದ. ಅಷ್ಟರಲ್ಲಿ ಉಳಿದ ದೇಶಗಳು ತೀರ್ಮಾನ ಬರೆದು ಮುಗಿಸಿದ್ದವು. ಒಪ್ಪದವರು ಬನ್ನಿ, ಮಾತಾಡೋಣ.

ಥರ್ಮೋ ಮೇಷ್ಟ್ರು:
ಒಳ್ಳೆ ವಿಷಯ ಎತ್ತಿದ್ದೀರಿ. ಕಾಂಪೌಂಡ್‌ನಿಂದ ಲಾಭ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ಅಂಕಿಯಲ್ಲಿ ಇಟ್ಟುಬಿಡುತ್ತೇನೆ, ಆಮೇಲಿನ ಚರ್ಚೆ ಸುಲಭ.

16 ಬಾರ್ ಒತ್ತಡದ ಬಾಯ್ಲರಿನಲ್ಲಿ ಸೂಪರ್‌ಹೀಟ್ ಮಾಡದ (ಅಂದರೆ ಬಾಯ್ಲರಿನಿಂದ ಹೊರಟ ಮೇಲೆ ಮತ್ತೆ ಕಾಯಿಸದ) ಉಗಿಯ ಉಷ್ಣತೆ ಸುಮಾರು 204 ಡಿಗ್ರಿ ಸೆಲ್ಸಿಯಸ್. ಚಿಮಣಿಗೆ ಹೋಗುವ ಹೊತ್ತಿಗೆ ಅದು 105ರ ಆಸುಪಾಸು. ಸಾದಾ ಇಂಜಿನ್‌ನಲ್ಲಿ ಒಂದೇ ಸಿಲಿಂಡರಿನ ಒಳಗೋಡೆ ಚಕ್ರದ ಪ್ರತಿ ಸುತ್ತಿನಲ್ಲೂ ಈ ಎರಡನ್ನೂ ಕಾಣುತ್ತದೆ. ಹಳೆ ಉಗಿ ಗೋಡೆಯನ್ನು ತಣ್ಣಗೆ ಮಾಡಿ ಹೋಗಿರುತ್ತದೆ. ಹೊಸದಾಗಿ ಬಂದ ಉಗಿ ಆ ಗೋಡೆ ತಾಗಿದ ಕೂಡಲೇ ಒಂದಷ್ಟು ನೀರಾಗುತ್ತದೆ, ಆ ನೀರು ಪಿಸ್ಟನ್ ತಳ್ಳುವುದಿಲ್ಲ. ಕಲ್ಲಿದ್ದಲು ಸುಟ್ಟು ಮಾಡಿದ ಉಗಿ ಕೆಲಸಕ್ಕೆ ಮೊದಲೇ ಹೋಯಿತು.

ಕೆಲಸವನ್ನು ಎರಡು ಸಿಲಿಂಡರಿಗೆ ಹಂಚಿದರೆ, ಮಧ್ಯದಲ್ಲಿ ಉಗಿ 150 ಡಿಗ್ರಿಯ ಸುತ್ತ ಇರುತ್ತದೆ. ಮೊದಲ ಸಿಲಿಂಡರಿನ ಗೋಡೆಗೆ 204ರಿಂದ 150, ಎರಡನೆಯದಕ್ಕೆ 150ರಿಂದ 105. ಒಂದೊಂದರ ಏರಿಳಿತವೂ ಸುಮಾರು ಅರ್ಧಕ್ಕೆ ಇಳಿಯಿತು. 1880ರ ದಶಕದಲ್ಲಿ ಎಲ್ಲರೂ ಇದರ ಹಿಂದೆ ಬಿದ್ದದ್ದು ಈ ಕಾರಣಕ್ಕೆ.

ಆದರೆ 1898ರಲ್ಲಿ ವಿಲ್ಹೆಲ್ಮ್ ಶ್ಮಿಟ್‌ನ ಸೂಪರ್‌ಹೀಟರ್ ಇಂಜಿನ್ ಮೇಲೆ ಬಂತಲ್ಲ, ಅದರಿಂದ ಉಗಿ ಎಷ್ಟು ಕಾದಿರುತ್ತದೆ ಎಂದರೆ ಗೋಡೆಗೆ ತಾಗಿದರೂ ನೀರಾಗುವುದು ಬಹಳ ಕಡಿಮೆ. ಕಾಂಪೌಂಡ್‌ನ ಮುಖ್ಯ ಲಾಭವನ್ನು ಒಂದು ಕೊಳವೆ ಗುಚ್ಛ ಕೊಟ್ಟುಬಿಟ್ಟಿತು. ಪ್ರಷ್ಯಾದವರು ಸಾದಾ ಸೂಪರ್‌ಹೀಟ್ ಇಂಜಿನ್ ಕಡೆ ಹೊರಳಿದ್ದು ಹೀಗೆ. ನಿಮ್ಮ ವಾದಕ್ಕೆ ಇದು ದೊಡ್ಡ ಅಡ್ಡಿ ಅಂತ ನನ್ನ ಅನಿಸಿಕೆ.

ಗುಂಡ್ಲುಪೇಟೆ:
ಕಬ್ಬಿನ ಗಾಣದಲ್ಲಿ ಒಂದು ಸಲ ಅರೆದ ಸಿಪ್ಪೆಯನ್ನು ಮತ್ತೊಮ್ಮೆ ಕೊಟ್ಟು ಉಳಿದ ಹಾಲು ತೆಗೆದ ಹಾಗೆ ಅನ್ನಿ. ಅಷ್ಟು ಅರ್ಥ ಆಯಿತು.

ನನ್ನ ಅನುಮಾನ ಬೇರೆ. ಗಾಡಿ ನಿಂತಿದ್ದಾಗ ಲೋ ಪ್ರೆಶರ್ ಸಿಲಿಂಡರಿಗೆ ಉಗಿಯೇ ಬಂದಿರುವುದಿಲ್ಲ. ಹೈ ಪ್ರೆಶರ್ ಪಿಸ್ಟನ್ ಒಮ್ಮೆ ಆಡಿದರೆ ತಾನೇ ಅದಕ್ಕೆ ಸಿಗುವುದು? ನೂರಾರು ಟನ್ ಗಾಡಿಯನ್ನು ಅರ್ಧ ಇಂಜಿನ್‌ನಿಂದ ಹೊರಡಿಸುವುದು ಹೇಗೆ?

ಹಬೆಗಾಡಿ:
ಗುಂಡ್ಲುಪೇಟೆಯವರೇ, ಕಾಂಪೌಂಡ್‌ಗಳ ಹೆಸರು ಕೆಟ್ಟದ್ದೇ ನೀವು ಕೇಳಿದ ಜಾಗದಲ್ಲಿ.

ಇಂಗ್ಲೆಂಡಿನ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯಲ್ಲಿ ಫ್ರಾನ್ಸಿಸ್ ವೆಬ್ 1882ರಿಂದ ಮೂರು ಸಿಲಿಂಡರಿನ ಕಾಂಪೌಂಡ್‌ಗಳನ್ನು ಕಟ್ಟಿದ. ಹೊರಗೆ ಎರಡು ಹೈ ಪ್ರೆಶರ್, ಒಳಗೆ ಒಂದು ಭಾರೀ ಲೋ ಪ್ರೆಶರ್. 1889ರ ಟ್ಯೂಟಾನಿಕ್ ವರ್ಗದಲ್ಲಿ ಹೊರಗಿನವು 14 ಇಂಚು ವ್ಯಾಸ, ಒಳಗಿನದು 30 ಇಂಚು. ಹೊರಗಿನ ಎರಡು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿದ್ದವು, ಒಳಗಿನದು ಮುಂದಿನ ಚಕ್ರಗಳನ್ನು. ಈ ಎರಡು ಜೋಡಿ ಚಕ್ರಗಳ ನಡುವೆ ಜೋಡಿಸುವ ರಾಡ್ ಇರಲಿಲ್ಲ.

ಒಳಗಿನ ಸಿಲಿಂಡರಿಗೆ ಉಗಿ ಬಿಡುವ ವಾಲ್ವಿಗೆ ವೆಬ್ ಜಾರುವ ಎಕ್ಸೆಂಟ್ರಿಕ್ ಹಾಕಿದ್ದ, ಅಂದರೆ ಆಕ್ಸಲ್ ಮೇಲೆ ಕೂತು ವಾಲ್ವನ್ನು ಆಡಿಸುವ ಬಿಲ್ಲೆ. ಅದು ತಾನಾಗಿ ದಿಕ್ಕು ಬದಲಿಸುವುದು ಆಕ್ಸಲ್ ಸ್ವಲ್ಪ ತಿರುಗಿದ ಮೇಲೆ. ಇಂಜಿನ್ ಹಿಂದಕ್ಕೆ ಬಂದು ಗಾಡಿಗೆ ಕಚ್ಚಿಕೊಂಡಾಗ ಒಳಗಿನ ವಾಲ್ವ್ ಇನ್ನೂ ಹಿಂದಿನ ದಿಕ್ಕಿನಲ್ಲೇ ಇರುತ್ತಿತ್ತು. ಡ್ರೈವರ್ ಮುಂದಕ್ಕೆ ಹೊರಡಿಸಲು ರೆಗ್ಯುಲೇಟರ್ (ಬಾಯ್ಲರಿನಿಂದ ಉಗಿ ಬಿಡುವ ಹಿಡಿ) ತೆರೆದಾಗ ಹಿಂದಿನ ಚಕ್ರಗಳು ನಿಂತಲ್ಲೇ ಜಾರಿ ಸುತ್ತಿದರೆ, ಅಲ್ಲಿಂದ ಬಂದ ಉಗಿ ಒಳಗಿನ ಸಿಲಿಂಡರಿಗೆ ಹೋಗಿ ಮುಂದಿನ ಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸುತ್ತಿತ್ತು. ಒಂದು ಜೋಡಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ, ಗಾಡಿ ಇದ್ದಲ್ಲೇ. ಯೂಸ್ಟನ್ ನಿಲ್ದಾಣದಲ್ಲಿ ಜನ ನಿಂತು ನೋಡಿದ ದೃಶ್ಯ ಅದು.

ಆದರೂ ಓಡಲು ಹಿಡಿದ ಮೇಲೆ ಅವು ಚೆನ್ನಾಗಿಯೇ ಓಡಿದವು. ಅದೇ ವರ್ಗದ ಜೀನಿ ಡೀನ್ಸ್ ಅನ್ನುವ ಇಂಜಿನ್ 1891ರಿಂದ 1899ರ ತನಕ ಯೂಸ್ಟನ್‌ನಿಂದ ಕ್ರೂವಿಗೆ ಮಧ್ಯಾಹ್ನ ಎರಡು ಗಂಟೆಯ ಸ್ಕಾಟ್ಲೆಂಡ್ ಎಕ್ಸ್‌ಪ್ರೆಸ್ ಎಳೆಯಿತು. ವೆಬ್‌ನನ್ನು ಬರೀ ತಮಾಷೆಗೆ ನೆನೆಯುವುದು ನನಗೆ ಸರಿ ಕಾಣುವುದಿಲ್ಲ.

ಹೊರಡುವ ತೊಂದರೆಗೆ ಸರಿಯಾದ ಪರಿಹಾರ ಕೊಟ್ಟವನು ಆಲ್ಫ್ರೆಡ್ ದ ಗ್ಲೆನ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಲ್ಸಾಸ್‌ನ ಕಾರ್ಖಾನೆಯಲ್ಲಿ ಮುಖ್ಯ ಇಂಜಿನಿಯರ್ ಆಗಿದ್ದವನು. ಉತ್ತರ ಫ್ರಾನ್ಸಿನ ನಾರ್ ರೈಲ್ವೆಗೆ 1886ರಲ್ಲಿ ನಾಲ್ಕು ಸಿಲಿಂಡರಿನ 701 ನಂಬರ್ ಇಂಜಿನ್ ಕೊಟ್ಟ. ಆಮೇಲೆ ನಾರ್‌ನ ಗಾಸ್ತೋಂ ದ್ಯು ಬುಸ್ಕೆ ಜೊತೆ ಸೇರಿ ಇಡೀ ಪದ್ಧತಿಯನ್ನು ಬೆಳೆಸಿದ. ಎರಡು ಹೈ ಪ್ರೆಶರ್ ಹೊರಗೆ, ಎರಡು ಲೋ ಪ್ರೆಶರ್ ಒಳಗೆ. ನಡುವೆ ಒಂದು ವಾಲ್ವ್. ಹೊರಡುವಾಗ ಡ್ರೈವರ್ ಅದನ್ನು ತಿರುಗಿಸಿ ಹೈ ಪ್ರೆಶರ್‌ನ ಉಗಿಯನ್ನು ನೇರ ಚಿಮಣಿಗೆ ಬಿಡಬಹುದು, ಲೋ ಪ್ರೆಶರ್‌ಗೆ ಬಾಯ್ಲರಿನಿಂದಲೇ ಒತ್ತಡ ಇಳಿಸಿದ ಉಗಿ ಕೊಡಬಹುದು. ಆಗ ಅದು ನಾಲ್ಕು ಸಿಲಿಂಡರಿನ ಸಾದಾ ಇಂಜಿನ್. ವೇಗ ಹಿಡಿದ ಮೇಲೆ ವಾಲ್ವ್ ತಿರುಗಿಸಿದರೆ ಕಾಂಪೌಂಡ್. ದಾರಿಯಲ್ಲಿ ಒಂದು ಕಡೆಯ ಯಂತ್ರ ಮುರಿದರೆ ಹೈ ಪ್ರೆಶರ್ ಜೋಡಿಯಿಂದಲೋ ಲೋ ಪ್ರೆಶರ್ ಜೋಡಿಯಿಂದಲೋ ಗಾಡಿಯನ್ನು ಮುಂದಿನ ನಿಲ್ದಾಣಕ್ಕೆ ತರಬಹುದು.

ಇಂಗ್ಲೆಂಡಿನ ಮಿಡ್ಲೆಂಡ್ ರೈಲ್ವೆ ಇದನ್ನು ಇನ್ನೂ ಸರಳ ಮಾಡಿತು. ಅದರ ಕಾಂಪೌಂಡ್‌ಗಳಲ್ಲಿ, ಅಲ್ಲಿನ ಇಂಜಿನಿಯರ್ ಡೀಲಿ 1905ರಲ್ಲಿ ತಿದ್ದಿದ ಮೇಲೆ, ರೆಗ್ಯುಲೇಟರನ್ನು ಸ್ವಲ್ಪ ತೆರೆದರೆ ಲೋ ಪ್ರೆಶರ್‌ಗೆ ನೇರ ಉಗಿ ಹೋಗುತ್ತದೆ, ಇನ್ನೂ ತೆರೆದರೆ ತಾನೇ ಕಾಂಪೌಂಡ್ ಆಗುತ್ತದೆ. ಡ್ರೈವರಿಗೆ ಬೇರೆ ಹಿಡಿಯೇ ಇಲ್ಲ.

ಸ್ವಿಂಡನ್ ಪ್ರೇಮಿ:
ಹಬೆಗಾಡಿ ಸರ್, ಫ್ರಾನ್ಸಿನ ಇಂಜಿನ್‌ಗೆ ಇಂಗ್ಲೆಂಡಿನಲ್ಲಿ ನ್ಯಾಯ ಸಿಗಲಿಲ್ಲ ಅನ್ನುವ ಧ್ವನಿ ನಿಮ್ಮ ಮೊದಲ ಬರಹದಲ್ಲಿದೆ. ಅಲ್ಲಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ಇಂಜಿನಿಯರ್ ಚರ್ಚ್‌ವರ್ಡ್ ಕೊಟ್ಟಷ್ಟು ನ್ಯಾಯ ಯಾರು ಕೊಟ್ಟರು? 1903ರಲ್ಲಿ ದ ಗ್ಲೆನ್ ಪದ್ಧತಿಯ ಒಂದು ಇಂಜಿನ್ ತರಿಸಿದ, ನಂಬರ್ 102, ಹೆಸರು ಲಾ ಫ್ರಾನ್ಸ್. 1905ರಲ್ಲಿ ಇನ್ನೂ ಎರಡು ದೊಡ್ಡವನ್ನು ತರಿಸಿದ, ಪ್ರೆಸಿಡೆಂಟ್ ಮತ್ತು ಅಲಯನ್ಸ್. ಹೋಲಿಕೆ ಸರಿಯಾಗಿರಲಿ ಅಂತ ತನ್ನ ಆಲ್ಬಿಯನ್ ಇಂಜಿನ್ನಿನ ಚಕ್ರದ ಜೋಡಣೆಯನ್ನೇ ಬದಲಿಸಿ ಅಟ್ಲಾಂಟಿಕ್ (ಮುಂದೆ ನಾಲ್ಕು ಚಿಕ್ಕ ಚಕ್ರ, ನಡುವೆ ನಾಲ್ಕು ದೊಡ್ಡ ಚಕ್ರ, ಹಿಂದೆ ಎರಡು ಚಿಕ್ಕ ಚಕ್ರ) ಮಾಡಿದ.

ಅವನ ಸಾದಾ ಇಂಜಿನ್‌ಗೆ ಚದರ ಇಂಚಿಗೆ 225 ಪೌಂಡ್ ಒತ್ತಡದ ಬಾಯ್ಲರ್, ಹೆಚ್ಚು ದೂರ ಚಲಿಸುವ ವಾಲ್ವ್. ಕಾಂಪೌಂಡ್ ಅದನ್ನು ಮೀರಿಸಲಿಲ್ಲ. ತೆಗೆದುಕೊಳ್ಳಬೇಕಾದ ಒಳ್ಳೆಯದನ್ನು ಚರ್ಚ್‌ವರ್ಡ್ ತೆಗೆದುಕೊಂಡ: ನಾಲ್ಕು ಸಿಲಿಂಡರಿನ ತೂಕ ಒಂದಕ್ಕೊಂದು ಸರಿದೂಗುವುದು, ಎರಡು ಆಕ್ಸಲ್‌ಗೆ ಹೊರೆ ಹಂಚುವುದು, ಇಂಜಿನ್ನಿನ ಮುಂದಿನ ಚಿಕ್ಕ ಚಕ್ರಗಳ ಚೌಕಟ್ಟಾದ ಬೋಗಿಯ ವಿನ್ಯಾಸ. ಅದರಿಂದ 1906ರ ನಾರ್ತ್ ಸ್ಟಾರ್, ಅದರ ಹಿಂದೆ ಇಡೀ ಸ್ಟಾರ್ ವರ್ಗ. ಕಾಂಪೌಂಡ್ ಒಂದನ್ನು ಬಿಟ್ಟ, ಅಷ್ಟೇ.

ಹಬೆಗಾಡಿ:
ಚರ್ಚ್‌ವರ್ಡ್ ನಡೆಸಿದ ಪರೀಕ್ಷೆಯನ್ನು ನಾನು ಮೆಚ್ಚುತ್ತೇನೆ. ಆ ಕಾಲದಲ್ಲಿ ಅಷ್ಟು ತೆರೆದ ಮನಸ್ಸಿನಿಂದ ಹೊರದೇಶದ ಇಂಜಿನ್ ಕೊಂಡು ಓಡಿಸಿದವರು ಕಡಿಮೆ. ಆದರೆ ಅವನು ಪರೀಕ್ಷಿಸಿದ್ದು ಏನನ್ನು? ತನ್ನ ಸಾದಾ ಇಂಜಿನ್‌ನಲ್ಲಿ ವಾಲ್ವ್ ಬಾಯಿಯನ್ನು ದೊಡ್ಡದಾಗಿ, ಬೇಗ ತೆರೆಯುವಂತೆ ಮಾಡಿದ್ದ. ಲಾ ಫ್ರಾನ್ಸ್‌ನ ವಾಲ್ವ್, ಉಗಿದಾರಿ ಹಳೆಯ ಅಳತೆಯವು. ಸಾದಾ ಮತ್ತು ಕಾಂಪೌಂಡ್ ನಡುವೆ ನಡೆದ ಸ್ಪರ್ಧೆ ಅಂತ ಕಂಡರೂ, ಒಳಗೆ ನಡೆದದ್ದು ಅಗಲ ದಾರಿ ಮತ್ತು ಕಿರಿದಾದ ದಾರಿಯ ನಡುವೆ.

ಲೆಕ್ಕ ಹಾಕಿ ನೋಡಿ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟ ನಾರ್ ಅಟ್ಲಾಂಟಿಕ್‌ನ ಚಕ್ರದ ವ್ಯಾಸ 2.04 ಮೀಟರ್. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಐದು ಸುತ್ತಿಗೂ ಸ್ವಲ್ಪ ಹೆಚ್ಚು. ಅಂದರೆ ಪಿಸ್ಟನ್ನಿನ ಒಂದು ಹೊಡೆತಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಸಿಗುವುದಿಲ್ಲ. ಅಷ್ಟರೊಳಗೆ ಉಗಿ ಒಳಗೆ ಬರಬೇಕು, ಹಿಗ್ಗಬೇಕು, ಹೊರಗೆ ಹೋಗಬೇಕು. ಕಾಂಪೌಂಡ್‌ನಲ್ಲಿ ಇದೆಲ್ಲ ಎರಡು ಸಲ. ಹೈ ಪ್ರೆಶರ್ 340 ಮಿಲಿಮೀಟರ್, ಲೋ ಪ್ರೆಶರ್ 560. ವಿಸ್ತೀರ್ಣದಲ್ಲಿ 2.7 ಪಟ್ಟು. ಹಿಗ್ಗಿದ ಉಗಿ ಲೋ ಪ್ರೆಶರ್‌ಗೆ ಬರುವಾಗ ಅದರ ಗಾತ್ರ ಹೆಚ್ಚಿರುತ್ತದೆ, ತಳ್ಳುವ ಒತ್ತಡ ಕಡಿಮೆ ಇರುತ್ತದೆ. ಅದಕ್ಕೆ ಕಿರಿದಾದ ಕೊಳವೆ ಕೊಟ್ಟರೆ ಉಸಿರು ಕಟ್ಟುತ್ತದೆ. ನಿಧಾನದ ಓಟದಲ್ಲಿ ಕಂಡ ಉಳಿತಾಯ ವೇಗ ಏರಿದ ಹಾಗೆ ಕರಗುತ್ತದೆ.

ಶಾಪ್ಲೋಂ ಹಿಡಿದದ್ದು ಇದನ್ನೇ. 1892ರಲ್ಲಿ ಹುಟ್ಟಿದ ಆತ ಪ್ಯಾರಿಸ್–ಓರ್ಲೆಯಾಂ ರೈಲ್ವೆಗೆ 1925ರಲ್ಲಿ ಸೇರಿದ. ಅಲ್ಲಿ ದ ಗ್ಲೆನ್ ಪದ್ಧತಿಯ ಪೆಸಿಫಿಕ್ (ನಡುವೆ ಆರು ದೊಡ್ಡ ಚಕ್ರವಿರುವ) ಇಂಜಿನ್‌ಗಳು ಬೇಕಾದಷ್ಟಿದ್ದವು, 1909ರಿಂದ ಕಟ್ಟಿದ ಮಾದರಿ. ಅವುಗಳಲ್ಲಿ 3566 ನಂಬರಿನದನ್ನು ತೆಗೆದುಕೊಂಡು 1929ರಲ್ಲಿ ಮರುರೂಪಿಸಿದ. ಚಕ್ರ, ಚೌಕಟ್ಟು ಹಳೆಯವೇ. ಬಾಯ್ಲರಿನಿಂದ ಚಿಮಣಿಯ ತನಕ ಉಗಿ ಹಾಯುವ ದಾರಿಯನ್ನು ಮಾತ್ರ ಅಡಿಯಿಂದ ಮುಡಿಯ ತನಕ ಬದಲಿಸಿದ. ಕೊಳವೆಗಳ ಅಡ್ಡಳತೆ ಹಿಗ್ಗಿಸಿದ. ಜಾರುವ ವಾಲ್ವ್ ತೆಗೆದು ಮುಚ್ಚಳದಂತೆ ಎದ್ದು ಕೂರುವ ಪಾಪೆಟ್ ವಾಲ್ವ್ ಹಾಕಿದ. ಸೂಪರ್‌ಹೀಟರ್ ದೊಡ್ಡದು ಮಾಡಿ ಉಗಿಯನ್ನು 400 ಡಿಗ್ರಿಯ ಹತ್ತಿರಕ್ಕೆ ಕಾಯಿಸಿದ. ಫೈರ್‌ಬಾಕ್ಸ್ ಒಳಗೆ ನೀರು ಹಾಯುವ ಸೈಫನ್ ಇಟ್ಟ.

ಕಡೆಗೆ ಚಿಮಣಿ. ಫಿನ್ಲೆಂಡಿನ ಕ್ಯೂಲಾಲಾ ಅನ್ನುವ ಇಂಜಿನಿಯರ್ ಬ್ಲಾಸ್ಟ್ ಪೈಪಿನ (ಬಳಸಿದ ಉಗಿಯನ್ನು ಚಿಮಣಿಗೆ ಊದುವ ಕೊಳವೆ) ಮೇಲೆ ಉಗಿಯನ್ನು ನಾಲ್ಕಾಗಿ ಸೀಳುವ ಒಂದು ಎರಕ ಮಾಡಿದ್ದ. ಶಾಪ್ಲೋಂ ಅದರ ಮೇಲೆ ಇನ್ನೊಂದು ಗಂಟೆಯಾಕಾರದ ಕೊಳವೆ ಕೂರಿಸಿದ, ಹೊಗೆ ಮತ್ತು ಉಗಿ ಹಂತ ಹಂತವಾಗಿ ಬೆರೆಯುವಂತೆ ಮಾಡಿದ. ಇದೇ ಕಿಲ್‌ಚಾಪ್. ಬೆಂಕಿಗೆ ಬೇಕಾದ ಗಾಳಿಯ ಸೆಳೆತ ಅಷ್ಟೇ ಸಿಗುತ್ತದೆ, ಆದರೆ ಸಿಲಿಂಡರಿನಿಂದ ಹೊರಡುವ ಉಗಿಗೆ ಎದುರೊತ್ತಡ ಇಳಿಯುತ್ತದೆ.

ಮೊದಲು 2,000 ಅಶ್ವಶಕ್ತಿಯ ಸುತ್ತ ಇದ್ದ ಇಂಜಿನ್ 3,000 ದಾಟಿತು, ಕಲ್ಲಿದ್ದಲೂ ಕಡಿಮೆ ತಿಂದಿತು. ಇಪ್ಪತ್ತು ವರ್ಷ ಹಳೆಯ ಮಾದರಿ, ತೂಕದಲ್ಲಿ ಹೇಳುವಂಥ ಏರಿಕೆ ಇಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಮೇಷ್ಟ್ರೇ, ಸೂಪರ್‌ಹೀಟರ್ ಕಾಂಪೌಂಡ್‌ನ ಲಾಭ ಕಿತ್ತುಕೊಂಡಿತು ಅಂದಿರಿ. ಶಾಪ್ಲೋಂ ಎರಡನ್ನೂ ಒಟ್ಟಿಗೆ ಇಟ್ಟು, ಎರಡರ ಲಾಭವನ್ನೂ ತೆಗೆದ.

ಥರ್ಮೋ ಮೇಷ್ಟ್ರು:
ಅದು ನಿಜ. ತುಂಬಾ ಕಾದ ಉಗಿಯನ್ನು ಒಂದೇ ಸಿಲಿಂಡರಿನಲ್ಲಿ ಪೂರ್ತಿ ಹಿಗ್ಗಿಸಬೇಕಾದರೆ ಕಟ್-ಆಫ್ ತೀರಾ ಚಿಕ್ಕದಿರಬೇಕು, ಅಂದರೆ ವಾಲ್ವ್ ತೆರೆದ ಕೂಡಲೇ ಮುಚ್ಚಬೇಕು. ಅಲ್ಲಿ ಓಟ ಒರಟಾಗುತ್ತದೆ. ಎರಡು ಹಂತವಾದರೆ ಒಂದೊಂದರಲ್ಲೂ ಕಟ್-ಆಫ್ ಉದ್ದ ಇಟ್ಟೂ ಒಟ್ಟು ಹಿಗ್ಗುವಿಕೆ ಹೆಚ್ಚೇ ಸಿಗುತ್ತದೆ. ಒತ್ತಡ 16, 20 ಬಾರ್ ಆದ ಹಾಗೆ ಈ ಲಾಭ ಇನ್ನೂ ಜಾಸ್ತಿ. ಸೂಪರ್‌ಹೀಟರ್ ಬಂದ ಮೇಲೆ ಕಾಂಪೌಂಡ್‌ಗೆ ಕೆಲಸವಿಲ್ಲ ಅನ್ನುವ ಮಾತು 12 ಬಾರ್ ಕಾಲದ್ದು.

ಸ್ವಿಂಡನ್ ಪ್ರೇಮಿ:
ಹಾಗಾದರೆ ಶಾಪ್ಲೋಂನ ಪಾಠವನ್ನು ಸಾದಾ ಇಂಜಿನ್‌ಗೂ ಹಾಕಬಹುದಲ್ಲವೇ? ಹಾಕಿದರು ಕೂಡ. ಇಂಗ್ಲೆಂಡಿನ ಇಂಜಿನಿಯರ್ ಗ್ರೆಸ್ಲಿ ತನ್ನ ಕಾಕ್ ಓ ದ ನಾರ್ತ್ ಇಂಜಿನ್ನನ್ನು 1934ರಲ್ಲಿ ಫ್ರಾನ್ಸಿನ ವಿತ್ರಿ ಪರೀಕ್ಷಾ ಕೇಂದ್ರಕ್ಕೇ ಕಳಿಸಿದ. ಅವನ ಎ4 ವರ್ಗದ ಇಂಜಿನ್‌ಗಳ ಉಗಿದಾರಿ ನುಣುಪಾಗಿದ್ದದ್ದು ಶಾಪ್ಲೋಂ ಪ್ರಭಾವದಿಂದಲೇ. ಅದೇ ವರ್ಗದ, 1938ರಲ್ಲಿ ಗಂಟೆಗೆ 126 ಮೈಲಿ ವೇಗ ಮುಟ್ಟಿದ ಮಲ್ಲಾರ್ಡ್‌ಗೆ ಇದ್ದದ್ದು ಜೋಡಿ ಕಿಲ್‌ಚಾಪ್, ಆದರೆ ಅದರ ಮೂರು ಸಿಲಿಂಡರೂ ಸಾದಾ. ಅದೇ ಗ್ರೆಸ್ಲಿ 1929ರಲ್ಲಿ 450 ಪೌಂಡ್ ಒತ್ತಡದ ಕಾಂಪೌಂಡ್, ನಂಬರ್ 10000, ಕಟ್ಟಿದ್ದ. 1937ರಲ್ಲಿ ಅದನ್ನೂ ಸಾದಾ ಮಾಡಿದರು. ಲಾಭದ ಮೂಲ ದಾರಿಯ ಅಗಲ ಅಂತ ನೀವೇ ಅಂದ ಮೇಲೆ ಕಾಂಪೌಂಡ್‌ನ ಉಪಕಾರ ಎಷ್ಟು ಉಳಿಯಿತು?

ಹುಬ್ಬಳ್ಳಿ ಶೆಡ್:
ಎಲ್ಲಾ ಓದಿದೆ, ಭಾಳ ಚಲೋ ಚರ್ಚೆ ನಡದದ. ಆದ್ರ ಶೆಡ್ಡಿನ ಮಾತು ಯಾರೂ ಹೇಳವಲ್ಲಿರಿ, ಅದಕ್ಕ ನಾ ಹೇಳ್ತೀನಿ. ನಾ ಫಿಟ್ಟರ್ ಇದ್ದವ, ವೈಪಿ ಮತ್ತ ವೈಜಿ ಮ್ಯಾಲೆ ಕೆಲಸ ಮಾಡೀನಿ. ಕಾಂಪೌಂಡ್ ಮ್ಯಾಲೆ ಕೈ ಇಟ್ಟವ ಅಲ್ಲ.

ವೈಪಿಗೆ ಎರಡ ಸಿಲಿಂಡರ್, ಎರಡೂ ಹೊರಗ. ಬಿಗ್ ಎಂಡ್ (ರಾಡು ಕ್ರ್ಯಾಂಕಿಗೆ ಕೂಡೂ ಬೇರಿಂಗ್) ಬಿಸಿ ಆತು ಅಂದ್ರ ಪ್ಲಾಟ್‌ಫಾರ್ಮಿನ ಮ್ಯಾಲೆ ನಿಂತs ಕೈ ಇಟ್ಟು ನೋಡಬಹುದು. ಎಣ್ಣಿ ಹಾಕೂದು, ಕಾಟರ್ ಬಡಿಯೂದು ಎಲ್ಲಾ ಕಣ್ಣ ಮುಂದ. ಅದs ಸಿಲಿಂಡರ್ ಒಳಗ ಇತ್ತಂದ್ರ ಇಂಜಿನ್ನ ಪಿಟ್ ಮ್ಯಾಲೆ ತರಬೇಕು. ತಂದ ಮ್ಯಾಲೆ ಕ್ರ್ಯಾಂಕ್ ಸರಿಯಾದ ಜಾಗಾಕ್ಕ ಬರೂತನಕ ಇಂಜಿನ್ ಮುಂದ ಹಿಂದ ಸರಸಬೇಕು. ಆಮ್ಯಾಲೆ ಕೆಳಗಿಂದ ಹತ್ತಿ, ಎರಡು ಫ್ರೇಮಿನ ನಡುವ ಮೈ ತೂರಿಸಿ, ದೀಪ ಹಲ್ಲಾಗ ಕಚ್ಚಿ ಕೆಲಸ ಮಾಡಬೇಕು. ಮ್ಯಾಲಿಂದ ಬಿಸಿ ನೀರು, ಎಣ್ಣಿ ಮಾರಿ ಮ್ಯಾಲೆ ಬೀಳತಿರತದ. ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ನಾಲ್ಕು ಕ್ರಾಸ್‌ಹೆಡ್, ನಾಲ್ಕು ಬಿಗ್ ಎಂಡ್, ಅವುಗಳ ವಾಲ್ವ್ ಗೇರ್. ಒಳಗಿನ ಕ್ರ್ಯಾಂಕ್ ಆಕ್ಸಲ್ಲಿಗೆ ಬಿರುಕು ಬಿದ್ದದ್ದು ಹೊರಗಿಂದ ಕಾಣಂಗಿಲ್ಲ.

ಕಲ್ಲಿದ್ದಲು ಉಳದದ್ದು ಒಂದು ಪುಸ್ತಕದಾಗ ಬರೀತಾರ, ಶೆಡ್ಡಿನ ಕೂಲಿ ಇನ್ನೊಂದು ಪುಸ್ತಕದಾಗ. ಎರಡೂ ಕೂಡಿಸಿ ನೋಡಿದವರಿಗೆ ಮಾತ್ರ ಖರೇ ಲೆಕ್ಕ ಗೊತ್ತಾಗತದ. ಫ್ರಾನ್ಸಿನ ಮಂದಿ ಇದನ್ನ ಹ್ಯಾಂಗ ನಡಸಿದ್ರು, ಅದು ಹೇಳ್ರಿ.

ಬಾಸೆಲ್ ಕನ್ನಡಿಗ:
ಹುಬ್ಬಳ್ಳಿಯ ಹಿರಿಯರಿಗೆ ನಮಸ್ಕಾರ. ನೀವು ಕೇಳಿದ್ದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ. ನಾನಿರುವ ಊರಿನಿಂದ ಗಡಿ ದಾಟಿದರೆ ಮುಲೂಸ್, ಅಲ್ಲಿನ ರೈಲು ಮ್ಯೂಸಿಯಂಗೆ ಬಿಡುವಾದಾಗ ಹೋಗುತ್ತಿರುತ್ತೇನೆ.

ಅಲ್ಲಿನ ಡ್ರೈವರುಗಳು ಬಹುಪಾಲು ಮೊದಲು ಫಿಟ್ಟರ್ ಆಗಿ ಪಳಗಿ ಬಂದವರು. ಒಂದು ಇಂಜಿನ್ ಒಬ್ಬ ಡ್ರೈವರ್ ಮತ್ತು ಅವನ ಫೈರ್‌ಮನ್ ಕೈಯಲ್ಲೇ ಇರುತ್ತಿತ್ತು. ಕಲ್ಲಿದ್ದಲು ಉಳಿಸಿದರೆ, ತಡವಾದ ಗಾಡಿಯ ಸಮಯ ಸರಿದೂಗಿಸಿದರೆ ಅವರಿಗೆ ಹಣದ ಬಹುಮಾನ ಇತ್ತು. ನೀವು ಹೇಳಿದ ಎರಡು ಪುಸ್ತಕಗಳಲ್ಲಿ ಒಂದರ ಲಾಭ ಸ್ವಲ್ಪ ಮಟ್ಟಿಗೆ ಕೆಲಸದವನ ಜೇಬಿಗೂ ಹೋಗುತ್ತಿತ್ತು.

ಕ್ಯಾಬಿನಲ್ಲಿ ನಿಂತು ನೋಡಿದರೆ ಕೆಲಸ ಎಷ್ಟು ಸೂಕ್ಷ್ಮ ಅನ್ನುವುದು ಗೊತ್ತಾಗುತ್ತದೆ. ಹೈ ಪ್ರೆಶರ್‌ಗೆ ಒಂದು ಕಟ್-ಆಫ್, ಲೋ ಪ್ರೆಶರ್‌ಗೆ ಇನ್ನೊಂದು, ಎರಡನ್ನೂ ಬೇರೆ ಬೇರೆ ಹೊಂದಿಸಬಹುದು. ಬಾಯ್ಲರ್ ಒತ್ತಡದ ಗೇಜ್ ಜೊತೆಗೆ ಎರಡು ಸಿಲಿಂಡರುಗಳ ನಡುವಿನ ಒತ್ತಡಕ್ಕೇ ಬೇರೆ ಗೇಜ್. ಆ ಮುಳ್ಳು ನೋಡಿಕೊಂಡು ಎರಡೂ ಕಡೆಗೆ ಕೆಲಸ ಸಮನಾಗಿ ಹಂಚಬೇಕು. ಲೋ ಪ್ರೆಶರ್ ಕಡೆ ಸಾಮಾನ್ಯವಾಗಿ ಕಟ್-ಆಫ್ ಉದ್ದ ಇಡುತ್ತಿದ್ದರು.

ಇನ್ನೊಂದು ಮಾತು. ಫ್ರಾನ್ಸಿನಲ್ಲಿ ಬಹಳ ಕಾಲ ಗಂಟೆಗೆ 120 ಕಿಲೋಮೀಟರ್ ಮೀರುವಂತಿರಲಿಲ್ಲ. ಫ್ಲಾಮಾಂ ಅನ್ನುವ ಯಂತ್ರ ಕ್ಯಾಬಿನಲ್ಲೇ ಕೂತು ವೇಗವನ್ನು ಕಾಗದದ ಮೇಲೆ ಗೀಚುತ್ತಿತ್ತು, ತಪ್ಪಿಸಿಕೊಳ್ಳುವ ಹಾಗಿಲ್ಲ. ಇಳಿಜಾರಿನಲ್ಲಿ ಹಾರಿಸಿ ಸಮಯ ಗಳಿಸಲು ಆಗದು. ಹಾಗಾಗಿ ಏರಿನಲ್ಲಿ ವೇಗ ಬಿಡದೆ ಹತ್ತಿದವನೇ ಜಾಣ. ಪ್ಯಾರಿಸ್–ಕ್ಯಾಲೇ ಮಾರ್ಗದಲ್ಲಿ ಪ್ಯಾರಿಸ್ ಬಿಟ್ಟ ಸ್ವಲ್ಪ ಹೊತ್ತಿಗೇ ಸುರ್ವಿಲಿಯೇ ತನಕ 200ಕ್ಕೆ 1ರ ಉದ್ದನೆಯ ಏರು. ಲಂಡನ್ನಿಗೆ ಹಡಗು ಹಿಡಿಯುವ ಪ್ರಯಾಣಿಕರ ಫ್ಲೆಶ್ ದೋರ್ ಗಾಡಿಯನ್ನು ಆ ಏರಿನಲ್ಲಿ ಎಳೆದದ್ದು ಶಾಪ್ಲೋಂನ ಪೆಸಿಫಿಕ್‌ಗಳು. ನಾರ್ ರೈಲ್ವೆ 20 ಇಂಜಿನ್ ಪ್ಯಾರಿಸ್–ಓರ್ಲೆಯಾಂನಿಂದ ಕೊಂಡು, ಅದೇ ಮಾದರಿಯಲ್ಲಿ 28 ಹೊಸದಾಗಿ ಕಟ್ಟಿಸಿತು. ಅವೇ 231ಇ. ಏರಿನಲ್ಲಿ ನಿರಂತರ ಶಕ್ತಿ ಬೇಕಾದ ಇಂಥ ಓಟಕ್ಕೆ ಕಾಂಪೌಂಡ್ ಹೇಳಿ ಮಾಡಿಸಿದ್ದು.

ಥರ್ಮೋ ಮೇಷ್ಟ್ರು:
ಹುಬ್ಬಳ್ಳಿಯವರ ಮಾತನ್ನು ಜರ್ಮನಿಯವರು ಪ್ರಯೋಗ ಮಾಡಿಯೇ ನೋಡಿದ್ದಾರೆ. 1925–26ರಲ್ಲಿ ಒಂದೇ ಥರದ ಬಾಯ್ಲರ್ ಇಟ್ಟು ಎರಡು ವರ್ಗ ಕಟ್ಟಿದರು, ಹತ್ತು ಹತ್ತು ಇಂಜಿನ್. 01 ವರ್ಗ ಎರಡು ಸಿಲಿಂಡರಿನ ಸಾದಾ, 02 ವರ್ಗ ನಾಲ್ಕು ಸಿಲಿಂಡರಿನ ಕಾಂಪೌಂಡ್. ದುರಸ್ತಿಯ ಖರ್ಚು, ಸರಳತೆ ನೋಡಿ 01ನ್ನು ಆರಿಸಿಕೊಂಡರು. ಹತ್ತು 02ಗಳನ್ನೂ 1937ರಿಂದ 1942ರೊಳಗೆ 01 ಮಾಡಿಬಿಟ್ಟರು.

ಆದರೆ ಅದೇ ದೇಶದಲ್ಲಿ ಬವೇರಿಯಾದ ಎಸ್ 3/6 ಕಾಂಪೌಂಡ್ 1908ರಿಂದ 1931ರ ತನಕ ಕಟ್ಟಿಸಿಕೊಳ್ಳುತ್ತಲೇ ಹೋಯಿತು, ಒಟ್ಟು 159. ಮಾಫೈ ಕಾರ್ಖಾನೆಯದು. 1928ರಿಂದ ರೈನ್‌ಗೋಲ್ಡ್ ಎಕ್ಸ್‌ಪ್ರೆಸ್ ಎಳೆದದ್ದೂ ಅದೇ. ಅದರ ಜೋಡಣೆ ದ ಗ್ಲೆನ್‌ನದಕ್ಕೆ ತದ್ವಿರುದ್ಧ: ಹೈ ಪ್ರೆಶರ್ ಒಳಗೆ, ಲೋ ಪ್ರೆಶರ್ ಹೊರಗೆ, ನಾಲ್ಕೂ ಒಂದೇ ಆಕ್ಸಲ್‌ಗೆ. 02 ಸೋತದ್ದನ್ನು ಕಾಂಪೌಂಡ್ ಸೋತದ್ದು ಅಂತ ಬರೆದವರು ಎಸ್ 3/6 ಪಕ್ಕದ ಹಳಿಯಲ್ಲೇ ಓಡುತ್ತಿದ್ದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಬೆಗಾಡಿ:
ಸ್ವಿಂಡನ್ ಪ್ರೇಮಿಯವರ ಪ್ರಶ್ನೆ ಬಾಕಿ ಇದೆ: ದಾರಿ ಅಗಲ ಮಾಡಿದ ಮೇಲೆ ಕಾಂಪೌಂಡ್‌ನದು ಅಂತ ಉಳಿಯುವುದೇನು? ಇದಕ್ಕೂ ಫ್ರಾನ್ಸಿನಲ್ಲೇ ಎದುರುಬದುರು ನಿಲ್ಲಿಸಿ ನೋಡಿದ್ದಾರೆ. 1940ರಲ್ಲಿ ನಾರ್‌ನ ಮಾರ್ಗಕ್ಕೆಂದು ಇಂಜಿನಿಯರ್ ದ ಕಾಸೋ ವಿನ್ಯಾಸದ ಬಾಲ್ಟಿಕ್ (ಆರು ದೊಡ್ಡ ಚಕ್ರ, ಮುಂದೆ ಹಿಂದೆ ನಾಲ್ಕು ನಾಲ್ಕು ಚಿಕ್ಕ ಚಕ್ರ) ಇಂಜಿನ್‌ಗಳು ಬಂದವು. 232ಆರ್ ಮೂರು, ಸಾದಾ. 232ಎಸ್ ನಾಲ್ಕು, ಕಾಂಪೌಂಡ್. ಎರಡೂ ಆಧುನಿಕ, ಎರಡಕ್ಕೂ ಒಳ್ಳೆಯ ಉಗಿದಾರಿ. ಕೊನೆಯ ಎಂಟನೆಯದನ್ನು ಮುಗಿಸುವ ಹೊತ್ತಿಗೆ, 1949ರಲ್ಲಿ, ಕಾಂಪೌಂಡ್ ಆಗಿಯೇ ಕಟ್ಟಿದರು. ಅದು 232ಯು1.

ಆದರೆ ಹುಬ್ಬಳ್ಳಿಯವರು ಹೇಳಿದ ಕೂಲಿಯ ಲೆಕ್ಕ ಫ್ರಾನ್ಸನ್ನೂ ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕ ಮತ್ತು ಕೆನಡಾದಿಂದ 141ಆರ್ ಅನ್ನುವ ಎರಡು ಸಿಲಿಂಡರಿನ ಸಾದಾ ಇಂಜಿನ್ 1,340 ತರಿಸಿದರು. ಹದಿನೇಳು ಸಮುದ್ರ ಪಾಲಾಗಿ 1,323 ಕೆಲಸಕ್ಕೆ ಬಂದವು. ಯಾವ ಡ್ರೈವರ್ ಬೇಕಾದರೂ ಹತ್ತಿ ಓಡಿಸಬಹುದಾದ ಗಟ್ಟಿ ಯಂತ್ರಗಳು. ಹೆಚ್ಚು ಕಲ್ಲಿದ್ದಲು ತಿಂದರೂ ಅವೇ ಫ್ರಾನ್ಸಿನ ಉಗಿಯ ಕೊನೆಯ ದಿನಗಳ ತನಕ ಉಳಿದವು. ಅದರ ಮಧ್ಯೆಯೂ 1948–52ರಲ್ಲಿ 241ಪಿ ಎಂಬ 35 ಕಾಂಪೌಂಡ್ ಎಕ್ಸ್‌ಪ್ರೆಸ್ ಇಂಜಿನ್ ಕಟ್ಟಿಸಿದರು ಅನ್ನುವುದನ್ನು ಮರೆಯಬೇಡಿ. ಭಾರದ ಎಕ್ಸ್‌ಪ್ರೆಸ್‌ಗೆ ಅವರ ನಂಬಿಕೆ ಕದಲಲಿಲ್ಲ.

ಗುಂಡ್ಲುಪೇಟೆ:
ನಮ್ಮ ದೇಶಕ್ಕೆ ಇವು ಬಂದೇ ಇಲ್ಲವೇ?

ಹಬೆಗಾಡಿ:
ಬಂದಿವೆ. ಬೆಂಗಾಲ್ ನಾಗಪುರ ರೈಲ್ವೆ ದ ಗ್ಲೆನ್ ಪದ್ಧತಿಯ ಅಟ್ಲಾಂಟಿಕ್‌ಗಳನ್ನು ತರಿಸಿತ್ತು, 1920ರ ದಶಕದ ಕೊನೆಯಲ್ಲಿ ಗ್ಲಾಸ್ಗೋದಲ್ಲಿ ಕಟ್ಟಿದ ಕಾಂಪೌಂಡ್ ಪೆಸಿಫಿಕ್‌ಗಳನ್ನೂ ತರಿಸಿತು. ಉಳಿದ ಕಂಪನಿಗಳು ಸಾದಾ ಎರಡು ಸಿಲಿಂಡರಿನ ಪ್ರಮಾಣಿತ ಮಾದರಿಗಳನ್ನೇ ಹಿಡಿದವು. ಕಲ್ಲಿದ್ದಲು ಅಗ್ಗಕ್ಕೆ ಸಿಗುವ ದೇಶದಲ್ಲಿ, ಊರೂರಿನ ಶೆಡ್ಡಿನಲ್ಲಿ ದುರಸ್ತಿ ಆಗಬೇಕಾದ ಇಂಜಿನ್‌ಗೆ ಅದು ಸರಿಯಾದ ಆಯ್ಕೆಯೇ.

ಆದರೆ ಕೆಲಸ ಮಾಡುತ್ತಿರುವ ಕಾಂಪೌಂಡ್ ನೋಡಬೇಕೆಂದರೆ ನಿಮಗೆ ಪ್ಯಾರಿಸ್ ಬೇಕಿಲ್ಲ. ಗೂಡಲೂರು ದಾಟಿ ಊಟಿ, ಅಲ್ಲಿಂದ ಕೂನೂರಿಗೆ ಹೋಗಿ. ಮೆಟ್ಟುಪಾಳ್ಯದಿಂದ ಕೂನೂರಿಗೆ ಹತ್ತುವ ನೀಲಗಿರಿ ರೈಲಿನ ಎಕ್ಸ್ ವರ್ಗದ ಇಂಜಿನ್ ಕಾಂಪೌಂಡ್. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ 1914ರಿಂದ ಕಟ್ಟಿದ್ದು, ಆಮೇಲೆ ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲೂ ಹೊಸದು ಮಾಡಿದ್ದಾರೆ. ಎಕ್ಸ್‌ಪ್ರೆಸ್ ಅಲ್ಲ, ಘಾಟಿ ಹತ್ತುವ ಇಂಜಿನ್. ಆದರೆ ತತ್ವ ಕಣ್ಣಿಗೆ ಕಾಣುವ ಹಾಗಿದೆ.

ಹುಬ್ಬಳ್ಳಿ ಶೆಡ್:
ಅದನ್ನ ನಾ ನೋಡೀನ್ರಿ. ಒಂದರ ಮ್ಯಾಲೊಂದು ಸಿಲಿಂಡರ್ ಅವ. ಕಲ್ಲಾರ್ ತನಕ ಸಪಾಟ ಹಳಿ ಮ್ಯಾಲೆ ಕೆಳಗಿನವು ಅಷ್ಟs ಕೆಲಸ ಮಾಡತಾವ, ಮ್ಯಾಲಿನ ರಾಡ್ ಸುಮ್ಮನ ಇರತದ. ಹಲ್ಲಿನ ಹಳಿ ಚಾಲೂ ಆದ ಕೂಡಲೇ ಕೆಳಗಿನ ಸಿಲಿಂಡರಿನ ಉಗಿ ಮ್ಯಾಲಿನವಕ್ಕ ಹೋಗತದ, ಅವು ಹಲ್ಲಿನ ಚಕ್ರ ತಿರಗಸತಾವ. ನಡುವ ಗೇರ್ ಅದ, ಅದಕ್ಕ ಮ್ಯಾಲಿನ ರಾಡ್ ಕೆಳಗಿನದಕ್ಕ ಉಲ್ಟಾ ದಿಕ್ಕಿಗೆ, ಜೋರಾಗಿ ಆಡತದ. ನಿಂತು ನೋಡಿದ್ರ ಒಂದs ಇಂಜಿನ್ನಿಗೆ ಎರಡು ಜೀವ ಇದ್ದಂಗ ಕಾಣತದ. ಒಳಗ ಏನೂ ಮುಚ್ಚಿಲ್ಲ, ಎಲ್ಲಾ ಹೊರಗ. ಫಿಟ್ಟರಿಗೆ ಅದು ಚಲೋ.

ಸ್ವಿಂಡನ್ ಪ್ರೇಮಿ:
ನೀಲಗಿರಿಯ ವಿಷಯ ನನಗೆ ಹೊಳೆದೇ ಇರಲಿಲ್ಲ, ಮುಂದಿನ ಸಲ ಹೋದಾಗ ಕಲ್ಲಾರ್‌ನಲ್ಲಿ ಇಳಿದು ನೋಡುತ್ತೇನೆ.

ಸರ್, ಇನ್ನೊಂದು ಕೇಳಬೇಕು. ಶಾಪ್ಲೋಂನ 242ಎ1 ಇಂಜಿನ್ ಬಗ್ಗೆ ನೀವು ಏನೂ ಬರೆಯಲಿಲ್ಲ. ಅದು ಈಗ ಎಲ್ಲಿದೆ?

ಹಬೆಗಾಡಿ:
ಬರೆಯಲು ಸಂಕಟ ಆಗುತ್ತದೆ, ಅದಕ್ಕೇ ಮುಂದೂಡಿದ್ದೆ. ಫ್ರಾನ್ಸಿನ ಸರಕಾರಿ ಎತಾ ರೈಲ್ವೆಯವರು 1932ರಲ್ಲಿ ಕಟ್ಟಿಸಿದ 241.101 ಅನ್ನುವ ಮೂರು ಸಿಲಿಂಡರಿನ ಸಾದಾ ಇಂಜಿನ್ ಇತ್ತು, ಒಂದೇ ಒಂದು, ಯಾರಿಗೂ ಸಮಾಧಾನ ತರದ ಯಂತ್ರ. ಶಾಪ್ಲೋಂ ಅದನ್ನು ಯುದ್ಧದ ನಡುವೆ ಕೈಗೆತ್ತಿಕೊಂಡು 1946ರಲ್ಲಿ 242ಎ1 ಆಗಿ ಹೊರಗೆ ತಂದ. ಮೂರು ಸಿಲಿಂಡರಿನ ಕಾಂಪೌಂಡ್: ಒಳಗೆ 600 ಮಿಲಿಮೀಟರಿನ ಒಂದು ಹೈ ಪ್ರೆಶರ್, ಹೊರಗೆ 680 ಮಿಲಿಮೀಟರಿನ ಎರಡು ಲೋ ಪ್ರೆಶರ್. ಬಾಯ್ಲರ್ ಒತ್ತಡ 20 ಬಾರ್. ಮೂರು ಕಿಲ್‌ಚಾಪ್. ಕಲ್ಲಿದ್ದಲು ಹಾಕಲು ಯಂತ್ರ. ಸಿಲಿಂಡರಿನಲ್ಲಿ 5,000 ಅಶ್ವಶಕ್ತಿ ದಾಟಿದ ಇದಕ್ಕೆ ಯುರೋಪಿನ ಎಕ್ಸ್‌ಪ್ರೆಸ್ ಉಗಿ ಇಂಜಿನ್‌ಗಳಲ್ಲಿ ಸಾಟಿ ಇರಲಿಲ್ಲ. ಒಳಗೆ ಒಂದೇ ಸಿಲಿಂಡರ್ ಅನ್ನುವುದನ್ನು ಹುಬ್ಬಳ್ಳಿಯವರು ಗಮನಿಸಬೇಕು. ಶೆಡ್ಡಿನ ಕಷ್ಟ ಶಾಪ್ಲೋಂಗೂ ಗೊತ್ತಿತ್ತು.

ಇದರ ಜಾಡಿನಲ್ಲಿ ಹೊಸ ವರ್ಗ ಕಟ್ಟುವ ಯೋಜನೆಗಳಿದ್ದವು. ವಿದ್ಯುದೀಕರಣಕ್ಕೆ ಹಣ ಹರಿಯಲು ಶುರುವಾಗಿ ಅವು ನಿಂತವು. ಲ ಮಾನ್ಸ್ ಶೆಡ್ಡಿನಲ್ಲಿ ಕೆಲಸ ಮಾಡಿ, 1960ರಲ್ಲಿ ಅದನ್ನು ಗುಜರಿಗೆ ಹಾಕಿದರು. ಒಂದೇ ಇದ್ದ ಇಂಜಿನ್, ಅದನ್ನೂ ಉಳಿಸಲಿಲ್ಲ. ಇದನ್ನು ನಾನು ಕ್ಷಮಿಸಲಾರೆ.

ಉಳಿದವು ಇವೆ. ಬಾಸೆಲ್ ಕನ್ನಡಿಗರು ಹೇಳಿದ ಮುಲೂಸ್‌ನಲ್ಲಿ ನಾರ್ 701, ಅಟ್ಲಾಂಟಿಕ್ 2.670, ಶಾಪ್ಲೋಂ ಪೆಸಿಫಿಕ್ 231ಇ22, 232ಯು1 ನಾಲ್ಕನ್ನೂ ಒಂದೇ ಸೂರಿನಡಿ ನೋಡಬಹುದು. ಇಂಗ್ಲೆಂಡಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಸಂಗ್ರಹದಲ್ಲಿ ಮಿಡ್ಲೆಂಡ್ ಕಾಂಪೌಂಡ್ 1000 ಇದೆ. ಲ ಕ್ರೂಜೊದಲ್ಲಿ 241ಪಿ17ನ್ನು ಸಂಘದವರು ಮತ್ತೆ ಓಡುವ ಸ್ಥಿತಿಗೆ ತಂದು ವಿಶೇಷ ಗಾಡಿಗಳನ್ನು ಎಳೆಸಿದ್ದಾರೆ.

ಬಾಸೆಲ್ ಕನ್ನಡಿಗ:
232ಯು1ನ್ನು ಮುಲೂಸ್‌ನಲ್ಲಿ ಸುಮ್ಮನೆ ನಿಲ್ಲಿಸಿಲ್ಲ, ಮೋಟಾರಿನಿಂದ ಅದರ ಚಕ್ರ, ರಾಡುಗಳನ್ನು ನಿಂತಲ್ಲೇ ತಿರುಗಿಸಿ ತೋರಿಸುತ್ತಾರೆ. ಯಾರಾದರೂ ಈ ಕಡೆ ಬಂದರೆ ಇಲ್ಲೇ ಬರೆಯಿರಿ, ನಾನು ಜೊತೆಗೆ ಬರುತ್ತೇನೆ.